ಪರ್ವದಲ್ಲಿ ಹೊತ್ತಿದ ಕುಲುಮೆ

ಜಮಖಂಡಿ
20 ಜೂನ್ 1954

ಬನಹಟ್ಟಿಯ ಜಿನ್ನವ್ವಕ್ಕನಿಗೆ ತಮ್ಮ ರಾವಸಾಹೇಬನ ನಮಸ್ಕಾರ.

ಮೊದಲು ಸಿಹಿ ಸುದ್ದಿ ಕೇಳು. ಈ ವರ್ಷದ ಜಗಳ ನಾನು ಗೆದ್ದೆ.

ಸಂಸ್ಥಾನ ಹೋದ ಮೇಲೆ ಅರಮನೆಯ ಬ್ಯಾಂಡಿನ ವಾದ್ಯಗಳೆಲ್ಲ ಕಚೇರಿಯ ಕತ್ತಲೆ ಕೋಣೆಯಲ್ಲಿ ಬಿದ್ದಿದ್ದವು. ಈಗ ಅವನ್ನು ಊರಿನ ವಾಚನಾಲಯದಲ್ಲಿ ಗಾಜಿನ ಕಪಾಟು ಮಾಡಿಸಿ ಇಡುತ್ತಾರೆ. ದಸರೆಯ ದಿನ ಉದ್ಘಾಟನೆ. ಕಮಿಟಿಗೆ ಹಿರಿಯರು ಸದಾಶಿವರಾಯರು, ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ನಾನೂ ಒಬ್ಬ ಸದಸ್ಯ. ಆ ವಾದ್ಯಗಳ ನಡುವೆ ಮೆರವಣಿಗೆಯ ಮುಂದೆ ಊದುವ ಹಿತ್ತಾಳೆ ಕಹಳೆ ಒಂದಿದೆ. ಅದರ ಮೇಲೆ ಇಂಗ್ಲೆಂಡಿನ ಯಾವುದೋ ಕಂಪನಿಯ ಬಿಲ್ಲೆ ಬೆಸೆದಿದೆ. ರಾಯರು ಬಿಲ್ಲೆ ನೋಡಿದವರೇ ‘ವಿಲಾಯತಿ ಮಾಲು’ ಎಂದು ಬರೆದುಬಿಟ್ಟಿದ್ದರು. ಅಪ್ಪನವರಿಗೆ ಅರಮನೆಯಿಂದ ಶಾಲು ಬಂದದ್ದು ಇದೇ ಕಹಳೆಗಲ್ಲವೇ, ನಾನು ಸುಮ್ಮನೆ ಬಿಡುತ್ತೇನೆಯೇ? ಅದನ್ನು ಊದುತ್ತಿದ್ದ ಗೂಳಪ್ಪನನ್ನು ಮುಧೋಳದಿಂದ ಕರೆಸಿ ಕಮಿಟಿಯ ಮುಂದೆ ನಿಲ್ಲಿಸಿದೆ.

“ಗಣಪತಿ ಬಂದ ದಿನಾನ ನನ್ನ ಕಹಳಿ ಮ್ಯಾಲ ಚಕ್ಕಡಿ ಗಾಲಿ ಹಾದು ರೊಟ್ಟಿ ಆತ್ರಿ. ತೇರದಾಳದಾಗ ಹಿತ್ತಾಳಿ ಬಡಿಯೂ ಇವರಪ್ಪ ನೇಮಣ್ಣ ಬೋಗಾರರ ಮನಿಗೆ ಓಡಿದೆ. ಗಣಪತಿ ಕಳಸೂ ದಿನ ಹೊಸಾ ಕಹಳಿ ಊದಿದೆ. ಬ್ಯಾಂಡಮಾಸ್ತರಗ ಹೊಸಾದಂತ ಗೊತ್ತಾಗಬಾರದು, ಹಳೇದ ರಿಪೇರಿ ಆಗೇತಿ ಅನ್ನಬೇಕಂತ ಹಳೇ ಬಿಲ್ಲಿ ಹಚ್ಚಿಸಿಕೊಂಡಿದ್ದೆ. ಬಿಲ್ಲಿ ಒಂದ ಇಂಗ್ಲೀಷರದು, ಉಳದದ್ದೆಲ್ಲಾ ನೇಮಣ್ಣಪ್ಪಂದು,” ಎಂದ. ರಾಯರ ಮುಖ ಸಣ್ಣದಾಯಿತು.

ಈಗ ಬೋರ್ಡಿನಲ್ಲಿ ಹೀಗೆ ಬರೆಸುತ್ತೇವೆ: ‘ಈ ಕಹಳೆಯನ್ನು ತೇರದಾಳದ ದಿವಂಗತ ನೇಮಣ್ಣ ಬೋಗಾರರು ಗಣೇಶ ಚತುರ್ಥಿಯಿಂದ ಅನಂತ ಚತುರ್ದಶಿಯೊಳಗೆ ತಯಾರಿಸಿದರು.’ ಅಪ್ಪನವರ ಶಾಲನ್ನೂ ಪಕ್ಕದಲ್ಲಿ ಇಡಬೇಕೆಂದಿದ್ದೇನೆ. ಮಾಮಾನನ್ನು ಕರೆದುಕೊಂಡು ದಸರೆಗೆ ನೀನು ಬರಲೇಬೇಕು.

ನಿನ್ನ ತಮ್ಮ
ರಾವಸಾಹೇಬ

*

ಬನಹಟ್ಟಿ
27 ಜೂನ್ 1954

ರಾವಸಾಹೇಬ,

ಆ ಬೋರ್ಡು ಬರೆಸಬೇಡ. ಕಹಳೆ ಅಪ್ಪ ಮಾಡಿದ್ದಲ್ಲ.

ಶಾಲು ಇನ್ನೂ ನಿನ್ನ ಪೆಟ್ಟಿಗೆಯಲ್ಲೇ ಇದ್ದರೆ ನುಸಿ ತಿನ್ನಲಿ ಬಿಡು. ಗಾಜಿನೊಳಗಿಟ್ಟು ಊರಿಗೆ ತೋರಿಸುವ ವಸ್ತು ಅದಲ್ಲ. ನಾನು ದಸರೆಗೆ ಬರುವುದಿಲ್ಲ.

ನಿನ್ನ ಅಕ್ಕ

*

ಜಮಖಂಡಿ
9 ಜುಲೈ 1954

ಅಕ್ಕಾ,

ನಿನ್ನ ಕಾರ್ಡು ಮುಟ್ಟಿತು. ನನಗೆ ಮುಟ್ಟುವ ಮೊದಲು ಪೇಟೆಗೆಲ್ಲ ಮುಟ್ಟಿತ್ತು. ನಮ್ಮ ಅಂಚೆಯ ಹೊಳಬಸಪ್ಪ ಕಾರ್ಡು ಓದದೆ ಕೊಟ್ಟವನಲ್ಲ. ನನ್ನ ಪಾತ್ರೆ ಅಂಗಡಿಯ ಮೆಟ್ಟಿಲಲ್ಲಿ ನಿಂತು, “ಏನ್ರೀ ಸಾವ್ಕಾರ, ಕಹಳಿ ನಿಮ್ಮಪ್ಪ ಮಾಡಿದ್ದಲ್ಲಂತಲ್ಲ?” ಎಂದು ನಾಲ್ಕು ಗಿರಾಕಿಗಳ ಮುಂದೆ ಕೇಳಿದ. ಕೊಡ ಕೊಳ್ಳಲು ಬಂದವರು ಕೊಡ ಬಿಟ್ಟು ನನ್ನ ಮುಖ ನೋಡಿದರು. ಇನ್ನು ಮುಂದೆ ಏನು ಬರೆಯುವುದಿದ್ದರೂ ಲಕೋಟೆಯಲ್ಲಿ ಹಾಕಿ ಅಂಟಿಸಿ ಕಳಿಸು.

ನಿನಗೆ ಅಪ್ಪನವರ ಮೇಲೆ ಅದೇನು ಹಗೆ? ಅವರ ಹೆಸರು ಬಂದರೆ ಸಾಕು, ನಿನ್ನ ಮುಖ ಗಡಿಗೆಯಾಗುತ್ತದೆ. ಅವರು ಹಾಸಿಗೆ ಹಿಡಿದಾಗ ಬನಹಟ್ಟಿಯಿಂದ ತೇರದಾಳಕ್ಕೆ ಬರಲು ನಿನಗೆ ಗಾಡಿ ಸಿಗಲಿಲ್ಲ. ಸತ್ತ ಮೇಲೆ ಬಂದೆ; ಬಂದವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವ್ವ ಅದನ್ನೇ ನೆನೆದು ನೆನೆದು ಹೋದಳು. ಒಳ್ಳೆಯ ಮನೆ ನೋಡಿ, ನೂಲಿನ ವ್ಯಾಪಾರಸ್ಥರಿಗೆ ಕೊಟ್ಟು, ಕೈಗೆ ಮಸಿ ಹತ್ತದಂತೆ ಬಾಳಿಸಿದ ತಂದೆಗೆ ನೀನು ಕೊಡುವ ಮರ್ಯಾದೆ ಇದೇ ಏನು?

ಅಪ್ಪನವರು ಮಾಡಲಿಲ್ಲವೆಂದರೆ ಯಾರು ಮಾಡಿದರು, ಹೇಳು. ಆಗ ನಾನು ಸಣ್ಣವನಿದ್ದೆ, ಖರೆ. ಆದರೆ ನಮ್ಮ ಮನೆಯಲ್ಲಿ ಸುತ್ತಿಗೆ ಹಿಡಿಯುವವರು ಅವರೊಬ್ಬರೇ ಇದ್ದರೆಂಬುದು ಗೊತ್ತಾಗದಷ್ಟು ಸಣ್ಣವನಲ್ಲ. ಹೆಸರು ಹೇಳಲಾಗದಿದ್ದರೆ ಬಾಯಿ ಮುಚ್ಚಿಕೊಂಡಿರು.

ರಾವಸಾಹೇಬ

*

ಬನಹಟ್ಟಿ
18 ಜುಲೈ 1954

ರಾವಸಾಹೇಬ,

ಲಕೋಟೆ ಬೇಕೆಂದೆಯಲ್ಲ, ತಗೋ ಲಕೋಟೆ. ಅಂಟು ಸಾಲದೆಂದು ಅನ್ನದ ಅಗುಳನ್ನೂ ಒತ್ತಿದ್ದೇನೆ.

ಮೊದಲು ನಿನ್ನ ಬೋರ್ಡನ್ನೇ ಇನ್ನೊಮ್ಮೆ ಓದು. ಗಣೇಶ ಚತುರ್ಥಿಯಿಂದ ಅನಂತ ಚತುರ್ದಶಿಯೊಳಗೆ. ಜಮಖಂಡಿ ಪೇಟೆಯಲ್ಲಿ ಬಾಂಡೆ ಮಾರುತ್ತ ಕೂತು ನಿನಗೆ ಗಣಪತಿಯ ದಿನಗಳು ಬಾಯಿಪಾಠವಾಗಿವೆ, ನಮ್ಮ ಮನೆಯ ದಿನಗಳು ಮರೆತಿವೆ. ಚೌತಿಯ ಮರುದಿನ ಪಂಚಮಿ. ಆ ಪಂಚಮಿಯಿಂದ ಚತುರ್ದಶಿಯ ನೋಂಪಿ ವ್ರತದ ತನಕ ನಮಗೆ ಏನೋ? ದಶಲಕ್ಷಣ ಪರ್ವವಲ್ಲವೇನೋ? ಬಸದಿಯ ಕಮಿಟಿಯಲ್ಲಿ ಖುರ್ಚಿ ಹಾಕಿಸಿಕೊಂಡು ಕೂಡುವವನು ನೀನು! ಆ ಹತ್ತು ದಿನ ಯಾವ ಬೋಗಾರನಾದರೂ ಕುಲುಮೆ ಹೊತ್ತಿಸಿದ್ದನ್ನು ಕೇಳಿದ್ದೀಯಾ? ಹುಳುಹುಪ್ಪಡಿ ಬೆಂಕಿಗೆ ಬಿದ್ದು ಸಾಯುತ್ತವೆಂದು ಅಪ್ಪ ಚೌತಿಯ ಸಂಜೆಯೇ ಕುಲುಮೆಗೆ ಬೂದಿ ಮುಚ್ಚುತ್ತಿದ್ದ. ಬೂದಿಯ ಮೇಲೆ ಕೈಯಿಟ್ಟು ಮುಟ್ಟುವುದಿಲ್ಲವೆಂದು ಆಣೆ ಮಾಡುತ್ತಿದ್ದ. ನೀನೂ ಪಕ್ಕದಲ್ಲಿ ಕೈಮುಗಿದು ನಿಲ್ಲುತ್ತಿದ್ದೆ.

ಈಗ ನಿನ್ನ ಬೋರ್ಡು ಏನು ಹೇಳುತ್ತದೆ ನೋಡು. ನೇಮಣ್ಣ ಬೋಗಾರ ಪರ್ವದಲ್ಲಿ ಕುಲುಮೆ ಹೊತ್ತಿಸಿದ, ಬೂದಿ ಮುಟ್ಟಿ ಮಾಡಿದ ಆಣೆ ಮುರಿದ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಮೇಲೆ ಶಾಲು ಬೇರೆ ಹೊದಿಸುತ್ತೀ. ನನಗೆ ಹಗೆ ಅನ್ನುತ್ತೀಯಲ್ಲ, ನಾನು ಹಗೆಯವಳಾಗಿದ್ದರೆ ಬಾಯಿ ಮುಚ್ಚಿಕೊಂಡು ನಿನ್ನ ಬೋರ್ಡು ನೋಡಲು ಬರುತ್ತಿದ್ದೆ. ಅಪ್ಪ ಆಣೆ ಮುರಿಯಲಿಲ್ಲ. ಅಷ್ಟು ಮಟ್ಟಿಗೆ ಅವನು ಖರೇದವನು.

ಗೂಳಪ್ಪ ಬಂದದ್ದು ಪಂಚಮಿಯ ಬೆಳಗ್ಗೆ. ನಮ್ಮ ಅಂಗಳದಲ್ಲಿ ಆ ಜಜ್ಜಿದ ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತ ಕೂತ. “ಗಣಪತಿ ಕಳಸೂ ದಿನ ಕಹಳಿ ಊದದಿದ್ರ ನನ್ನ ಕೆಲಸದಿಂದ ತಗೀತಾರ್ರಿ ಯಪ್ಪಾ, ಮಕ್ಕಳು ಉಪವಾಸ ಬೀಳ್ತಾವು,” ಎಂದ. ಅಪ್ಪ ಬಸದಿಗೆ ಹೊರಟಿದ್ದ. “ಪರ್ವ ಮುಗೀಲಿ, ಆಮ್ಯಾಲ ಬಾ,” ಎಂದು ಅವನನ್ನು ದಾಟಿಕೊಂಡು ಹೋದ. ಅವ್ವ ಹೋದಳು, ನಿನ್ನ ಕೈ ಹಿಡಿದುಕೊಂಡು ಹೋದಳು. ನನಗೆ ಜ್ವರವೆಂದು ಮನೆಯಲ್ಲಿ ಬಿಟ್ಟಿದ್ದರು. ಜ್ವರ ಆಗಲೇ ಇಳಿದಿತ್ತು.

ಆ ಕಹಳೆ ಮಾಡಿದವಳು ನಾನು.

ನಗು. ಒಮ್ಮೆ ಗಟ್ಟಿಯಾಗಿ ನಕ್ಕು ಮುಂದೆ ಓದು. ಮನೆಯಲ್ಲಿ ಸುತ್ತಿಗೆ ಹಿಡಿಯುವವರು ಅಪ್ಪ ಒಬ್ಬನೇ ಅಂದೆಯಲ್ಲ? ಕೊಡದ ಕಂಠ ತಿರುವುವ ಕೆಲಸವನ್ನು ನನ್ನ ಹನ್ನೆರಡನೆಯ ವರ್ಷದಿಂದ ಅಪ್ಪ ನನಗೇ ಬಿಟ್ಟಿದ್ದ. “ನಿನ್ನ ಕೈಯಾಗ ಅಂಚು ಒಡಿಯೂದಿಲ್ಲ ನೋಡ ಜಿನ್ನೀ,” ಅನ್ನುತ್ತಿದ್ದ. ಗಿರಾಕಿಯ ಕಾಲ ಸಪ್ಪಳ ಕೇಳಿದರೆ ಸಾಕು, ಸುತ್ತಿಗೆ ನನ್ನ ಕೈಯಿಂದ ಕಸಿದುಕೊಂಡು ತಾನು ಹಿಡಿಯುತ್ತಿದ್ದ. ನಾನು ತಿದಿ ಒತ್ತುವವಳಂತೆ ಮೂಲೆಗೆ ಸರಿಯಬೇಕು. ತೇರದಾಳದ ಬೋಗಾರರ ಕೊಡವೆಂದು ನೀನು ಇವತ್ತಿಗೂ ಹೆಮ್ಮೆಯಿಂದ ಮಾರುವ ಆ ಹಳೆಯ ಕೊಡಗಳ ಕಂಠ ಮುಟ್ಟಿ ನೋಡಿಕೋ.

ಬಸದಿಯ ಹತ್ತಿರ ಬಡಿಯುವ ಸಪ್ಪಳ ಬೇಡವೆಂದು ನಮ್ಮ ಕುಲುಮೆ ನೇಕಾರರ ಶಿವವ್ವನ ಹಿತ್ತಲಲ್ಲಿತ್ತು, ನೆನಪಿದೆಯಲ್ಲ? ನನ್ನ ಮದುವೆಗೆಂದು ಎತ್ತಿಟ್ಟ ಹಿತ್ತಾಳೆ ಕೊಡ ಒಯ್ದು ಕತ್ತರಿಸಿದೆ. ಮಗ್ಗದ ಮುರಿದ ಮರದ ದಿಂಡನ್ನು ಹೆರೆದು ಅದರ ಮೇಲೆ ತಗಡು ಸುತ್ತಿದೆ. ಅಂಚಿಗೆ ಅಂಚು ಕೂಡಿಸಿ ಬೆಸೆದೆ. ಕೊಳವೆಯಲ್ಲಿ ಕಾಸಿದ ರಾಳ ತುಂಬಿ, ಆರಿದ ಮೇಲೆ ಮೊಣಕಾಲಿಗೆ ಆನಿಸಿ ಬಗ್ಗಿಸಿದೆ. ಬಾಯಿಯನ್ನು ಬಡಿದು ಬಡಿದು ಅರಳಿಸಿದೆ. ಬೆಂಕಿ ನಾನು ಹೊತ್ತಿಸಲಿಲ್ಲ. ಶಿವವ್ವನ ಒಲೆಯಿಂದ ಕೆಂಡ ಕಡ ತಂದೆ. ಕಡ ತಂದ ಬೆಂಕಿಗೆ ಪಾಪ ಬರುವುದಿಲ್ಲವೆಂದು ತಿಳಿದಿದ್ದೆ. ಗೂಳಪ್ಪನಿಗೆ ಕೊಡುವಾಗ ‘ಅಪ್ಪ ಮಾಡ್ಯಾನ’ ಅಂದೆ. ಹುಡುಗಿ ಮಾಡಿದ್ದೆಂದರೆ ಅವನು ತುಟಿಗೆ ಹಚ್ಚುತ್ತಿದ್ದನೇ?

ಅರಮನೆಯವರು ದಸರೆಗೆ ಅಪ್ಪನನ್ನು ಕರೆಸಿದರು. ಜಜ್ಜಿದ ಕಹಳೆಯನ್ನು ಗುರುತೇ ಸಿಗದಂತೆ ಸರಿ ಮಾಡಿದನೆಂದು ಶಾಲು ಹೊದಿಸಿದರು. ಅಲ್ಲಿ ನಿಂತಾಗ ಅಪ್ಪನಿಗೆ ತಿಳಿಯಲಿಲ್ಲವೇ, ತಾನು ಮುಟ್ಟದ ಕೆಲಸ ಯಾರದೆಂದು? ಆ ಹಿತ್ತಾಳೆಯ ಮೇಲೆ ಕೈಯಾಡಿಸಿದ ಕೂಡಲೇ ತಿಳಿದಿರುತ್ತದೆ. ಶಾಲು ಹೊದ್ದುಕೊಂಡೇ ಮನೆಗೆ ಬಂದ. ಬಂದವನು ನನ್ನ ಸುತ್ತಿಗೆ ತೆಗೆದುಕೊಂಡು ಹಿತ್ತಲ ಬಾವಿಗೆ ಎಸೆದ. ಶಾಲು ಎಸೆಯಲಿಲ್ಲ.

“ಪರ್ವದಾಗ ಬೆಂಕಿ ಮುಟ್ಟಿದಾಕಿ ನೀ. ಈ ಮಾತು ಹೊಸ್ತಿಲ ದಾಟಿದ್ರ ನಾ ಅನ್ನ ನೀರ ಬಿಟ್ಟು ಸಾಯ್ತೇನಿ,” ಎಂದ. ಮಾಘದಲ್ಲಿ ನನ್ನ ಮದುವೆ. ಒಳ್ಳೆಯ ಮನೆ ನೋಡಿದರು ಅನ್ನುತ್ತೀಯಲ್ಲ, ಅವರು ನೋಡಿದ್ದು ಒಳ್ಳೆಯ ಮನೆಯನ್ನಲ್ಲ ಹುಚ್ಚಾ, ಕುಲುಮೆ ಇಲ್ಲದ ಮನೆಯನ್ನು. ಬೋಗಾರರಲ್ಲಿ ಮೂರು ಕಡೆಯಿಂದ ಕೇಳಿ ಬಂದಿದ್ದರು, ಮೂರಕ್ಕೂ ಇಲ್ಲವೆಂದರು. ಕೈಗೆ ಮಸಿ ಹತ್ತದಂತೆ ಬಾಳಿಸಿದರಂತೆ! ಆ ಮಸಿಗಾಗಿ ನಾನು ಎಷ್ಟು ಅತ್ತಿದ್ದೇನೆಂದು ನಿನಗೇನು ಗೊತ್ತು?

ಈಗ ಹೇಳು. ಅಪ್ಪ ಪರ್ವ ಮುರಿದನೆಂದು ಬರೆಸುತ್ತೀಯೋ, ಕಹಳೆ ನನ್ನದೆಂದು ಬರೆಸುತ್ತೀಯೋ? ನಂಬಿಕೆ ಬಾರದಿದ್ದರೆ ತೇರದಾಳಕ್ಕೆ ಹೋಗು. ಶಿವವ್ವ ಇನ್ನೂ ಇದ್ದಾಳೆ.

ನಿನ್ನ ಅಕ್ಕ

*

ಜಮಖಂಡಿ
24 ಆಗಸ್ಟ್ 1954

ಅಕ್ಕಾ,

ಉತ್ತರ ತಡವಾಯಿತು. ತೇರದಾಳಕ್ಕೆ ಹೋಗಿಬಂದೆ.

ಶಿವವ್ವನಿಗೆ ಕಣ್ಣು ಮಂದ, ಬಾಯಿ ಮೊದಲಿನಷ್ಟೇ ಚುರುಕು. ಕೇಳಿದ್ದಷ್ಟೇ ತಡ, “ಬೆಂಕಿ ಕೊಟ್ಟಾಕಿ ನಾನ ಅಲ್ಲೇನೋ ಹುಡುಗಾ! ‘ನಮ್ಮನ್ಯಾಗ ಹಚ್ಚಂಗಿಲ್ಲವ್ವಾ, ನಿಮ್ಮ ಒಲ್ಯಾಗಿಂದು ಒಂದ ಪುಟ್ಟಿ ಕೆಂಡಾ ಕೊಡು’ ಅಂದ್ಲು. ಮಗ್ಗದ ಸಪ್ಪಳದಾಗ ಸುತ್ತಿಗಿ ಸಪ್ಪಳ ಮುಚ್ಚಿಹೋಗತಿತ್ತು. ಸಪ್ಪಳ ನಿಂತ್ರ ಹುಡುಗಿ ಸಿಕ್ಕಬೀಳ್ತಾಳಂತ ನನ್ನ ಗಂಡನ್ನ ಊಟಕ್ಕ ಸುದ್ದಾ ಎಬ್ಬಸಲಿಲ್ಲ ನಾ. ಅಂವಾ ಹಸದು ಹಸದು ನನ್ನ ಬೈಕೋತ ಮಗ್ಗಾ ಬಡದಾ,” ಎಂದು ನಕ್ಕಳು. ನಾನು ನಗಲಾರದೆ ಎದ್ದು ಬಂದೆ.

ನಿನ್ನ ಮಾತು ಖರೆ. ನಾನು ನಂಬುತ್ತೇನೆ. ಇಷ್ಟು ಬರೆಯಲು ನನಗೆ ಒಂದು ತಿಂಗಳು ಬೇಕಾಯಿತು.

ಆದರೆ ಅಕ್ಕಾ, ನನ್ನ ಜಾಗದಲ್ಲಿ ನಿಂತು ನೋಡು. ನನ್ನ ಮಗಳು ವಿಮಲಾಗೆ ಬೀಳಗಿಯ ಸಂಬಂಧ ಕೂಡಿಬರುತ್ತಿದೆ, ಬಹಳ ನೇಮದ ಮನೆತನ. ಪರ್ವದಲ್ಲಿ ನೇಮಣ್ಣ ಬೋಗಾರರ ಮಗಳು ಕುಲುಮೆ ಹೊತ್ತಿಸಿದಳು, ಆ ಕೆಲಸಕ್ಕೆ ಅಪ್ಪ ಶಾಲು ಹೊದ್ದ ಎಂದು ಬೋರ್ಡು ಹಾಕಿದರೆ ಅವರು ನಮ್ಮ ಮನೆಯ ನೀರು ಕುಡಿದಾರೇ? ಅಪ್ಪನವರ ಹೆಸರು ಹಾಕುವಂತಿಲ್ಲ, ನಿನ್ನದು ಹಾಕುವಂತಿಲ್ಲ. ಅದಕ್ಕೆ ಕಮಿಟಿಗೆ ಬರೆದುಕೊಟ್ಟೆ: ಗೂಳಪ್ಪನಿಗೆ ವಯಸ್ಸಾಗಿ ನೆನಪು ತಪ್ಪಿದೆ, ಕಹಳೆ ಬಿಲ್ಲೆಯಲ್ಲಿದ್ದಂತೆ ಇಂಗ್ಲೆಂಡಿನದೇ ಇರಬೇಕು ಎಂದು. ಸದಾಶಿವರಾಯರಿಗೆ ಬಹಳ ಸಂತೋಷವಾಯಿತು. ಯಾರಿಗೂ ಮಾನಹಾನಿ ಇಲ್ಲ. ಇದನ್ನು ಇಲ್ಲಿಗೇ ಮುಗಿಸೋಣ.

ಪರ್ವ ಹತ್ತಿರ ಬಂತು. ಸಿಟ್ಟು ಬಿಟ್ಟು ಕ್ಷಮೆ ಬೇಡುವ ಕಾಲ. ನನ್ನದೇನಾದರೂ ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೋ.

ನಿನ್ನ ತಮ್ಮ
ರಾವಸಾಹೇಬ

*

ಬನಹಟ್ಟಿ
28 ಆಗಸ್ಟ್ 1954

ರಾವಸಾಹೇಬ,

ಕಾರ್ಡಿನ ಮೇಲೆಯೇ ಬರೆಯುತ್ತಿದ್ದೇನೆ. ಹೊಳಬಸಪ್ಪ ಓದಲಿ. ಕಣ್ಣು ಸಾಲದಿದ್ದರೆ ಚಾಳೀಸು ಹಾಕಿಕೊಂಡು ಓದಲಿ.

ಅಕ್ಕನ ಹೆಸರು ಹಾಕುವ ಬದಲು ಇಂಗ್ಲಿಷರ ಹೆಸರು ಹಾಕಿದೆ! ಅವರು ಗಂಟುಮೂಟೆ ಕಟ್ಟಿಕೊಂಡು ಹೋಗಿ ಏಳು ವರ್ಷವಾಯಿತು, ನೀನು ಹಿಂದಿನಿಂದ ಓಡಿಹೋಗಿ ನನ್ನ ಕೈಗೆಲಸ ಅವರ ಗಂಟಿಗೆ ಸೇರಿಸಿ ಬಂದೆ. ಗೂಳಪ್ಪ ಖರೆ ಹೇಳಿದರೆ ಅವನಿಗೆ ಅರಳುಮರಳು. ಅಪ್ಪನದೆಂದು ಊರೆಲ್ಲ ಕುಣಿದಾಡಿದವನು, ಅಕ್ಕನದೆಂದು ತಿಳಿದ ದಿನವೇ ಯಾರದೂ ಅಲ್ಲವೆಂದೆ. ಅಪ್ಪನಾದರೂ ತಿಳಿಯದ ಕಾಲದವನು, ಒಂದು ಸುತ್ತಿಗೆ ಎಸೆದ. ನೀನು ಕಲಿತವನು, ತಿಳಿದೂ ತಿಳಿದೂ ಎಸೆದೆ.

ವಿಮಲಾಗೂ ಕುಲುಮೆ ಇಲ್ಲದ ಮನೆಯನ್ನೇ ನೋಡಿದ್ದೀಯಾ?

ಕ್ಷಮೆ ಇಲ್ಲ. ಪರ್ವಕ್ಕೂ ಇಲ್ಲ, ನೋಂಪಿಗೂ ಇಲ್ಲ.

ಅಕ್ಕ

*

ತೇರದಾಳ, ಶಿವವ್ವನ ಮನೆ
28 ಸೆಪ್ಟೆಂಬರ್ 1954

ರಾವಸಾಹೇಬ,

ಈ ಪತ್ರದ ಜೊತೆ ಗೂಳಪ್ಪ ಒಂದು ಗಂಟು ತಂದುಕೊಡುತ್ತಾನೆ. ಬಿಚ್ಚು. ಹೆದರಬೇಡ, ಹಾವಲ್ಲ.

ಪರ್ವ ಮುಗಿದು, ನೋಂಪಿ ಆಗಿ, ಮರುದಿನದ ಬಸ್ಸಿಗೆ ಇಲ್ಲಿಗೆ ಬಂದೆ. ಈ ಸಲ ಯಾರ ಆಣೆಯೂ ಮುರಿದಿಲ್ಲ, ಬೇಕಿದ್ದರೆ ನಿನ್ನ ಬೀಳಗಿಯವರಿಗೆ ಹೇಳು. ಮನೆಯಲ್ಲಿದ್ದ ದೊಡ್ಡ ಹಿತ್ತಾಳೆ ಹಂಡೆ ಹೊರಿಸಿಕೊಂಡು ಬಂದೆ. ನಮ್ಮನೆಯವರು ಬಾಗಿಲಲ್ಲಿ ನಿಂತು, “ಮೈ ತೊಳಕೊಳ್ಳಾಕ ನೀರ ಎದರಾಗ ಕಾಸೂದ?” ಎಂದರು. “ಗಡಿಗ್ಯಾಗ ಕಾಸ್ರಿ,” ಎಂದೆ. ಇಪ್ಪತ್ತೈದು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಹಂಡೆಯ ಇನ್ನೊಂದು ಕಡೆ ಹಿಡಿದು ಬಸ್ಸಿಗೆ ಏರಿಸಿದರು.

ನಮ್ಮ ಕುಲುಮೆಯಲ್ಲಿ ಶಿವವ್ವನ ಕೋಳಿ ಕಾವು ಕೂತಿತ್ತು. ತಗಡಿಟ್ಟು ಬಡಿಯುವ ಅಪ್ಪನ ಐರಣಿ ಮಣ್ಣಿನಲ್ಲಿ ಅರ್ಧ ಹೂತುಹೋಗಿತ್ತು. ಕಬ್ಬಿಣವನ್ನು ಯಾರು ಕದಿಯುತ್ತಾರೆ, ತೊಳೆದರೆ ಮೊದಲಿನಂತೆಯೇ ಇತ್ತು. ಸುತ್ತಿಗೆಯನ್ನು ರಬಕವಿಯ ಸಂತೆಯಲ್ಲಿ ಕೊಂಡೆ. ಹಂಡೆ ಕತ್ತರಿಸಿ ಅಂಥದೇ ಇನ್ನೊಂದು ಕಹಳೆ ಮಾಡಿದೆ. ಸುಲಭವಾಗಿ ಆಯಿತೆಂದು ತಿಳಿಯಬೇಡ. ಮೊದಲು ಅರಳಿಸಿದ ಬಾಯಿ ಸೀಳಿತು. ಎರಡನೆಯದೂ ಸೀಳಿತು. ಅಂಗೈ ಬೊಬ್ಬೆ ಎದ್ದು ಒಡೆದು ಸುತ್ತಿಗೆಯ ಹಿಡಿ ಕೆಂಪಾಯಿತು. ಎರಡನೆಯದು ಸೀಳಿದ ದಿನ ಐರಣಿಯ ಮುಂದೆ ಕೂತು ಅಪ್ಪನನ್ನು ಬಾಯಿಗೆ ಬಂದಂತೆ ಬೈದೆ. ನಿನ್ನನ್ನೂ ಬೈದೆ. ಬೈದ ಮೇಲೆ ಕೈ ಹಗುರವಾಯಿತು. ಮೂರನೆಯದು ಒಡೆಯಲಿಲ್ಲ.

ಗೂಳಪ್ಪನಿಗೆ ಹೇಳಿಕಳಿಸಿದೆ. ಬಂದು ಶಿವವ್ವನ ಅಂಗಳದಲ್ಲಿ ನಿಂತು ಊದಿದ. ಓಣಿಯಲ್ಲಿ ಮಗ್ಗಗಳೆಲ್ಲ ನಿಂತವು. ಅವನು ಕಹಳೆ ಇಳಿಸಿ ನನ್ನ ಕಡೆ ನೋಡಿದ. “ಅದ ದನಿ. ಇದು ಅದ ದನಿ ಐತಲ್ಲವ್ವಾ?” ಎಂದ. ನಾನು ಎಲ್ಲ ಹೇಳಿದೆ. ಅವನ ಮುಖ ಕೆಂಪಾಯಿತು. “ಥೂ! ನೇಮಣ್ಣಪ್ಪ ಇರೂ ತನಕ ವರ್ಷಾ ದಸರಿಗೆ ಬಂದು ಕಾಲಿಗೆ ಬಿದ್ದೇನಿ. ತಪ್ಪು ಕಾಲಿಗೆ ಬಿದ್ದೇನಲ್ಲ! ಅಂವಾ ಒಂದಿನಾ ಆದ್ರೂ ಏಳಪಾ, ನನಗ ಬೀಳಬ್ಯಾಡ ಅನ್ನಬೇಕಿತ್ತಿಲ್ಲೊ?” ಎಂದು ಕೂಗಾಡಿದ. ತನಗೆ ಅರಳುಮರಳೆಂದು ನೀನು ಬರೆದುಕೊಟ್ಟದ್ದೂ ಅವನಿಗೆ ತಿಳಿದಿದೆ. ನಾನೇ ಹೇಳಿದೆ. ಅದರ ಬಗ್ಗೆ ಅವನು ನಿನ್ನ ಹತ್ತಿರವೇ ಮಾತಾಡುತ್ತಾನಂತೆ, ಅಂಗಡಿಯಲ್ಲಿ ಗಿರಾಕಿಗಳಿದ್ದಾಗ.

ಇನ್ನು ನಿನ್ನ ಇಂಗ್ಲಿಷರ ಮಾತು. ಕಹಳೆಯ ಬಾಯಿಯ ಅಂಚನ್ನು ಸುಮ್ಮನೆ ಬಿಟ್ಟರೆ ತಗಡು ಹರಿಯುತ್ತದೆ. ಒಳಗೆ ತಂತಿಯಿಟ್ಟು ಅಂಚು ಮಡಚಬೇಕು, ಕೊಡಕ್ಕೆ ಮಾಡುವಂತೆ. ಆ ದಿನ ನನ್ನ ಹತ್ತಿರ ತಂತಿ ಇರಲಿಲ್ಲ. ಪರ್ವದಲ್ಲಿ ಅಂಗಡಿಯ ಬಾಗಿಲು ಹಾಕಿತ್ತು. ಶಿವವ್ವನ ಮಗ್ಗದಿಂದ ಸೀರೆಯ ದಡಿಯ ಕೆಂಪು ನೂಲು ತೆಗೆದುಕೊಂಡು, ಹುರಿ ಹೊಸೆದು, ಅದನ್ನೇ ಒಳಗಿಟ್ಟು ಮಡಚಿದೆ. ಈಗ ಮಾಡಿದ್ದಕ್ಕೂ ಹಾಗೆಯೇ ಮಾಡಿದ್ದೇನೆ. ನಿಮ್ಮ ಗಾಜಿನ ಕಪಾಟಿನ ಕಹಳೆಯನ್ನು ತೆಗೆದುಕೊಂಡು ಬೆಸುಗೆಯ ಹತ್ತಿರ ಅಂಚನ್ನು ಚಾಕುವಿನಿಂದ ಎಬ್ಬಿಸಿ ನೋಡು. ಇಂಗ್ಲೆಂಡಿನಲ್ಲಿ ಕಹಳೆಯೊಳಗೆ ತೇರದಾಳದ ಸೀರೆಯ ನೂಲು ಹಾಕುತ್ತಾರೆಯೇ ಎಂದು ನಿನ್ನ ರಾಯರನ್ನು ಕೇಳು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡು, ಗೂಳಪ್ಪ ಎರಡನ್ನೂ ಊದಲಿ, ನೀನು ಕಣ್ಣು ಮುಚ್ಚಿಕೊಂಡು ಕೇಳು.

ಅಷ್ಟಾದ ಮೇಲೂ ನಿನಗೆ ಬೋರ್ಡಿನಲ್ಲಿ ಇಂಗ್ಲಿಷರೇ ಬೇಕಿದ್ದರೆ ಇಟ್ಟುಕೋ. ಆದರೆ ಇನ್ನು ಮುಂದೆ ನನ್ನನ್ನು ಅಕ್ಕ ಎಂದು ಕರೆಯಬೇಡ. ಇಂಗ್ಲೆಂಡಿನಲ್ಲಿ ಯಾರಾದರೂ ಸಿಕ್ಕರೆ ಕರಿ.

ಜಿನ್ನವ್ವ

*

ಜಮಖಂಡಿ
2 ಅಕ್ಟೋಬರ್ 1954

ಅಕ್ಕಾ,

ಕಾರ್ಡಿನ ಮೇಲೆ ಬರೆಯುತ್ತಿದ್ದೇನೆ. ಹೊಳಬಸಪ್ಪನ ಕೈಗೇ ಕೊಟ್ಟು, ಬೇಕಾದರೆ ಓದೆಂದು ಹೇಳುತ್ತೇನೆ.

ಕಮಿಟಿಯ ಮುಂದೆ ಅಂಚು ಎಬ್ಬಿಸಿದೆ. “ಸರಕಾರೀ ಸಾಮಾನು ಕೆಡಸ್ತೀರೇನ್ರೀ!” ಎಂದು ರಾಯರು ಚೀರಿದರು. ಕೆಂಪು ನೂಲು ಕಂಡಿತು. ಗೂಳಪ್ಪ ಎರಡನ್ನೂ ಊದಿದ. ಕಣ್ಣು ಮುಚ್ಚಿಕೊಂಡು ಕೇಳಿದೆ, ಯಾವುದು ಯಾವುದೆಂದು ತಿಳಿಯಲಿಲ್ಲ. ಯಾರು ಮಾಡಿದರು ಎಂದು ರಾಯರು ಕೇಳಿದರು. ಹೇಳಿದೆ. ಯಾವ ದಿನಗಳಲ್ಲಿ ಎಂಬುದನ್ನೂ ಹೇಳಿದೆ. ಬೀಳಗಿಯವರಿಗೂ ನಾನೇ ಬರೆದು ತಿಳಿಸಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಬಿಡಲಿ. ನಿನ್ನ ಮೇಲೆ ನನಗೂ ಸಿಟ್ಟಿದೆ, ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವೆಂದು.

ಅಪ್ಪನವರ ಶಾಲು ಇಡುವುದಿಲ್ಲ. ದಸರೆಯೊಳಗೆ ಬೋರ್ಡು ಆಗಬೇಕು, ಬರೆಯುವವನು ಕುಂಚ ಹಿಡಿದು ಕಾದಿದ್ದಾನೆ. ನಿನ್ನ ಹೆಸರಿನ ಹಿಂದೆ ‘ನೇಮಣ್ಣ ಬೋಗಾರರ ಮಗಳು’ ಎಂದು ಹಾಕಲೋ, ಇಂಥವರ ಹೆಂಡತಿ ಎಂದು ಮಾಮಾನ ಹೆಸರು ಹಾಕಲೋ? ಬೇಗ ತಿಳಿಸು.

ತಮ್ಮ
ರಾವಸಾಹೇಬ

*

ಬನಹಟ್ಟಿ
4 ಅಕ್ಟೋಬರ್ 1954

ರಾವಸಾಹೇಬ,

ಎರಡೂ ಬೇಡ.

ಜಿನ್ನವ್ವ